ಕಣ್ಣು ಹೇಳದ್ದನ್ನು ಮಿದುಳಿನ ಬಾಯಲ್ಲಿ ಕೇಳಿದವರು

ಮುಂದೆ ಓದುವ ಮೊದಲು ಅರ್ಧ ನಿಮಿಷದ ಒಂದು ಆಟ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಅಕ್ಕಪಕ್ಕ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತಾ ಬಲಗೈಯನ್ನು ನಿಧಾನವಾಗಿ ಬಲಕ್ಕೆ ಸರಿಸುತ್ತಾ ಹೋಗಿ. ಸುಮಾರು ಒಂದು ಗೇಣು ದೂರ ಹೋಗುವಷ್ಟರಲ್ಲಿ ಬಲ ಹೆಬ್ಬೆರಳಿನ ತುದಿ ಮಾಯ! ಇನ್ನಷ್ಟು ಸರಿಸಿ, ಮತ್ತೆ ಪ್ರತ್ಯಕ್ಷ. ಆಗಲಿಲ್ಲವೇ? ಕಣ್ಣು ಕದಲಿಸಿರುತ್ತೀರಿ, ಇನ್ನೊಮ್ಮೆ ನೋಡಿ.

ಇದು ರೋಗವಲ್ಲ, ಗಾಬರಿ ಬೇಡ. ರೆಟಿನಾದ ತಂತುಗಳೆಲ್ಲ ಒಂದು ಕಡೆ ಕೂಡಿಕೊಂಡು, ದೃಷ್ಟಿನರವಾಗಿ ಕಣ್ಣಿನಿಂದ ಹೊರಗೆ ಹೋಗುವ ಜಾಗ ಅದು. ಅಲ್ಲಿ ಬೆಳಕು ಗ್ರಹಿಸುವ ಕೋಶಗಳಿಲ್ಲ. ಫ್ರಾನ್ಸಿನ ಎಡ್ಮೆ ಮಾರಿಯೊಟ್ 1660ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ಆದರೆ ಸ್ವಾರಸ್ಯ ಬೇರೆಯೇ ಇದೆ. ಬೆರಳ ತುದಿ ಮಾಯವಾದ ಜಾಗದಲ್ಲಿ ನಿಮಗೆ ಕಪ್ಪು ತೂತು ಕಾಣಲಿಲ್ಲ, ಅಲ್ಲವೇ? ಹಿಂದಿನ ಗೋಡೆಯ ಬಣ್ಣವೇ ಕಂಡಿತು. ಗೊತ್ತಿಲ್ಲದ ಜಾಗಕ್ಕೆ ಮಿದುಳು ಸುತ್ತಲಿನ ಬಣ್ಣ ಬಳಿದು ‘ಎಲ್ಲ ಸರಿಯಾಗಿದೆ’ ಎಂದು ವರದಿ ಒಪ್ಪಿಸಿಬಿಡುತ್ತದೆ.

ಗ್ಲಾಕೋಮಾ ಎಂಬ ಕಾಯಿಲೆ ದಶಕಗಟ್ಟಲೆ ತಲೆಮರೆಸಿಕೊಂಡಿರುವುದು ಮಿದುಳಿನ ಈ ಒಳ್ಳೆಯತನದ ಮರೆಯಲ್ಲೇ. ದೃಷ್ಟಿನರದಲ್ಲಿ ಸುಮಾರು ಹತ್ತರಿಂದ ಹನ್ನೆರಡು ಲಕ್ಷ ತಂತುಗಳಿವೆ. ಹೆಚ್ಚಿನವರಲ್ಲಿ ಕಾಣುವ ಬಗೆಯ ಗ್ಲಾಕೋಮಾದಲ್ಲಿ ಅವು ಒಂದೊಂದಾಗಿ, ಸದ್ದಿಲ್ಲದೆ ಸಾಯುತ್ತವೆ. ನೋವಿಲ್ಲ, ಕೆಂಪಿಲ್ಲ. ಎದುರಿಗಿರುವ ಅಕ್ಷರವನ್ನು ಓದುವ ನಡುಭಾಗದ ದೃಷ್ಟಿ ಕೊನೆಯವರೆಗೂ ಉಳಿಯುವುದುಂಟು. ಅಂಚಿನ ಕಡೆ ಬಿದ್ದ ತೇಪೆಗಳನ್ನು ಮಿದುಳು ಮುಚ್ಚಿಹಾಕುತ್ತದೆ. ಮೇಲಾಗಿ ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಸತ್ತ ತಂತು ಮರಳಿ ಬರುವುದಿಲ್ಲ.

ಇದು ಪುಸ್ತಕದ ಮಾತಲ್ಲ, ನಮ್ಮ ಕೇಳುಗರಿರುವ ಊರುಗಳ ಮಾತು. ಆಂಧ್ರಪ್ರದೇಶದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು ನಡೆಸಿದ ಸಮೀಕ್ಷೆ 2000ದಲ್ಲಿ ಪ್ರಕಟವಾಯಿತು. ಚೆನ್ನೈ ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2005ರಿಂದಾಚೆ ಹೊರಬಂತು. ಎರಡರಲ್ಲೂ ಒಂದೇ ಕಥೆ: ಗ್ಲಾಕೋಮಾ ಪತ್ತೆಯಾದ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಅದಿದೆ ಎಂಬುದೇ ತಿಳಿದಿರಲಿಲ್ಲ. 2010ರಲ್ಲಿ ಚೆನ್ನೈಯ ಸಂಶೋಧಕರೇ ಹಾಕಿದ ಅಂದಾಜಿನಂತೆ ದೇಶದಲ್ಲಿ 40 ದಾಟಿದವರ ಪೈಕಿ ಸುಮಾರು 1 ಕೋಟಿ 12 ಲಕ್ಷ ಜನರಿಗೆ ಈ ಕಾಯಿಲೆ ಇತ್ತು.

ರೋಗಿಗೇ ಗೊತ್ತಿಲ್ಲದ ಕುರುಡನ್ನು ವೈದ್ಯರು ಪತ್ತೆ ಹಚ್ಚುವುದು ಹೇಗೆ? ಇವತ್ತು ಹೇಳಹೊರಟಿರುವುದು ಆ ಪ್ರಶ್ನೆಯ ಇತಿಹಾಸ.

ಗ್ಲಾಕೋಮಾ ಎಂಬ ಹೆಸರು ಗ್ರೀಕರದು. ನೀಲಿ, ಬೂದು, ಹಸಿರು ಬೆರೆತಂಥ ಬಣ್ಣಕ್ಕೆ ಅವರು ಹೇಳುತ್ತಿದ್ದ ಮಾತಿನಿಂದ ಬಂದದ್ದು. ಪೊರೆ ಯಾವುದು, ಗ್ಲಾಕೋಮಾ ಯಾವುದು ಎಂದು ಬಹುಕಾಲ ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಈಗಲೂ ಹಿರಿಯರ ಕಣ್ಣು ಮಸುಕಾದರೆ ‘ಪೊರೆ ಬಂದಿರಬೇಕು, ಹಣ್ಣಾಗಲಿ, ಆಮೇಲೆ ತೆಗೆಸೋಣ’ ಎನ್ನುತ್ತೇವಲ್ಲ, ಅದೇ ಗೊಂದಲ. ಪೊರೆ ತೆಗೆಸಿದರೆ ಬೆಳಕು ಮರಳುತ್ತದೆ. ಗ್ಲಾಕೋಮಾಕ್ಕೆ ಕಾಯುತ್ತಾ ಕೂತರೆ ಮರಳುವುದಕ್ಕೆ ಏನೂ ಉಳಿಯುವುದಿಲ್ಲ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟ ಮೇಲೆ ಆಟ ಬದಲಾಯಿತು. ಬರ್ಲಿನ್ನಿನ ತರುಣ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರಾಫೆ ಗ್ಲಾಕೋಮಾ ರೋಗಿಗಳ ಕಣ್ಣಲ್ಲಿ ಇಣುಕಿ, ದೃಷ್ಟಿನರದ ತಲೆ ಗುಡ್ಡದಂತೆ ಉಬ್ಬಿದೆ ಎಂದು ಬರೆದ. ವಿಯೆನ್ನಾದ ಯೇಗರ್ ಕೂಡ ಹಾಗೆಯೇ ಕಂಡಿದ್ದ. ವಾಸ್ತವದಲ್ಲಿ ಅದು ಗುಡ್ಡವಲ್ಲ, ಹಳ್ಳ! ನೆರಳು ಬೆಳಕಿನ ಭ್ರಮೆಯಲ್ಲಿ ತಗ್ಗು ಉಬ್ಬಾಗಿ ಕಂಡಿತ್ತು. 1855ರ ಸುಮಾರಿಗೆ ಆಡಾಲ್ಫ್ ವೇಬರ್ ಇದನ್ನು ಗುರುತಿಸಿದ, ಗ್ರಾಫೆ ಒಪ್ಪಿಕೊಂಡ. ಕಣ್ಣಿನ ಕಾಯಿಲೆಯನ್ನು ನೋಡಲು ಹೋದವರ ಕಣ್ಣೇ ಅವರಿಗೆ ಮೋಸ ಮಾಡಿತ್ತು! ಅದೇ ಗ್ರಾಫೆ 1857ರಲ್ಲಿ ಪಾಪೆಯ ಸುತ್ತಲ ಪರದೆಯ ಒಂದು ಚೂರನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಕೆಲವು ಬಗೆಯ ಗ್ಲಾಕೋಮಾವನ್ನು ತಡೆಯಬಹುದೆಂದು ತೋರಿಸಿದ. ಬದುಕಿದ್ದು 42 ವರ್ಷ ಮಾತ್ರ.

ಹಳ್ಳ ಕಂಡಿತು, ಸರಿ. ಆದರೆ ರೋಗಿಯ ನೋಟ ಎಷ್ಟು ಹೋಗಿದೆ? ಇದಕ್ಕೆ ದೃಷ್ಟಿಕ್ಷೇತ್ರದ ನಕ್ಷೆ ಬೇಕು. ಕೋಪನ್‌ಹೇಗನ್ನಿನ ಯಾನಿಕ್ ಬ್ಯೆರುಮ್ 1889ರಲ್ಲಿ ಒಂದು ಸರಳ ಉಪಾಯ ಮಾಡಿದ. ತನ್ನ ಕೋಣೆಯ ಬಾಗಿಲ ಹಿಂಬದಿಯನ್ನೇ ಪರದೆ ಮಾಡಿಕೊಂಡು, ರೋಗಿಯನ್ನು ದೂರದಲ್ಲಿ ಕೂರಿಸಿ, ಪುಟ್ಟ ಬಿಳಿ ಗುರುತನ್ನು ಅಲ್ಲಿಲ್ಲಿ ಆಡಿಸುತ್ತಾ ‘ಕಾಣುತ್ತದೆಯೇ, ಕಾಣುತ್ತದೆಯೇ’ ಎಂದು ಕೇಳುತ್ತಾ ಹೋದ. ಮಾರಿಯೊಟ್‌ನ ಆ ಕುರುಡುಚುಕ್ಕೆಯಿಂದ ಹೊರಟು ನಡುದೃಷ್ಟಿಯನ್ನು ಬಳಸಿ ಬಿಲ್ಲಿನಂತೆ ಬಾಗುವ ಒಂದು ಕುರುಡು ಪಟ್ಟಿ ಗ್ಲಾಕೋಮಾ ರೋಗಿಗಳಲ್ಲಿ ಸಿಕ್ಕಿತು. ಅದಕ್ಕೆ ಅವನ ಹೆಸರು ಅಂಟಿಕೊಂಡಿದೆ.

ಆಮೇಲೆ ಬಾಗಿಲು ಹೋಗಿ ಬಟ್ಟಲು ಬಂತು. 1945ರಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಹಾನ್ಸ್ ಗೋಲ್ಡ್‌ಮನ್ ಒಳಬದಿಗೆ ಒಂದೇ ಸಮನೆ ಬೆಳಕಿರುವ ಅರೆಗೋಳದ ಯಂತ್ರ ಮಾಡಿದ. 1970ರ ದಶಕದಲ್ಲಿ ಅದೇ ಊರಿನ ಫಾಂಕ್‌ಹೌಸರ್ ಅದಕ್ಕೆ ಕಂಪ್ಯೂಟರ್ ಕೂಡಿಸಿದ. 1980ರ ದಶಕದಿಂದ ಹಂಫ್ರಿ ಯಂತ್ರ ಮನೆಮಾತಾಯಿತು. ನಿಮ್ಮಲ್ಲಿ ಯಾರಾದರೂ ಈ ಪರೀಕ್ಷೆಗೆ ಕೂತಿದ್ದರೆ ಗೊತ್ತಿರುತ್ತದೆ: ಕತ್ತಲೆ ಕೋಣೆ, ಗದ್ದ ಊರುವ ಪಟ್ಟಿ, ಒಂದು ಕಣ್ಣಿಗೆ ಮುಚ್ಚಳ, ಕೈಯಲ್ಲೊಂದು ಗುಂಡಿ. ಬೆಳಕು ಮಿನುಗಿದಾಗ ಒತ್ತಬೇಕು. ಎರಡು ನಿಮಿಷದೊಳಗೆ ನಿದ್ದೆ ಬರುತ್ತದೆ. ಮಿನುಗಿತೋ ಇಲ್ಲವೋ ಎಂಬ ಅನುಮಾನ, ಒತ್ತದಿದ್ದರೆ ಕುರುಡು ಎಂದಾರೆಂಬ ದಿಗಿಲು ಬೇರೆ.

ಯಂತ್ರ ಎಷ್ಟೇ ಜಾಣವಾದರೂ ಪ್ರಶ್ನೆ ಮಾತ್ರ ಬ್ಯೆರುಮ್‌ನದೇ. ರೋಗಿಯನ್ನೇ ಕೇಳಬೇಕು. ದಣಿದವನು, ವಯಸ್ಸಾದವನು, ಕಾಣದಿದ್ದರೂ ಒತ್ತುವ ಉತ್ಸಾಹಿ, ಎಲ್ಲರ ಉತ್ತರವೂ ಅದರೊಳಗೆ ಬೆರೆತಿರುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು 1982ರಲ್ಲಿ ಬಿತ್ತು. ಅಮೆರಿಕದ ಬಾಲ್ಟಿಮೋರಿನಲ್ಲಿರುವ ಜಾನ್ಸ್ ಹಾಪ್‌ಕಿನ್ಸ್‌ನ ಹ್ಯಾರಿ ಕ್ವಿಗ್ಲಿ ಮತ್ತು ಸಂಗಡಿಗರು, ತೀರಿಕೊಂಡವರ ದೃಷ್ಟಿನರಗಳಲ್ಲಿ ತಂತುಗಳನ್ನು ಎಣಿಸಿ, ಬದುಕಿದ್ದಾಗ ಅವರಿಗೆ ಮಾಡಿದ್ದ ದೃಷ್ಟಿಕ್ಷೇತ್ರ ಪರೀಕ್ಷೆಯ ಜೊತೆ ಹೋಲಿಸಿ ನೋಡಿದರು. ಕೆಲವರಲ್ಲಿ ಸಾಕಷ್ಟು ತಂತುಗಳು ಸತ್ತುಹೋಗಿದ್ದರೂ ಪರೀಕ್ಷೆಯ ಹಾಳೆ ನಿಷ್ಕಳಂಕವಾಗಿತ್ತು! ಬಟ್ಟಲಿನ ಪರೀಕ್ಷೆ ಕಳ್ಳನನ್ನು ಹಿಡಿಯುವ ಹೊತ್ತಿಗೆ ಅರ್ಧ ಮನೆ ಖಾಲಿಯಾಗಿರಬಹುದೆಂದಾಯಿತು.

ಹಾಗಾದರೆ ರೋಗಿಯನ್ನು ಬಿಟ್ಟು ಅವನ ಮಿದುಳನ್ನೇ ನೇರವಾಗಿ ಕೇಳಿದರೆ?

ಇದಕ್ಕೆ ಬೇಕಾದ ಸಾಮಗ್ರಿ ಬೇರೊಂದು ಬೀದಿಯಲ್ಲಿ ತಯಾರಾಗುತ್ತಿತ್ತು. ಜರ್ಮನಿಯ ಯೇನಾ ಊರಿನ ಹಾನ್ಸ್ ಬೆರ್ಗರ್ ಮನುಷ್ಯನ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು 1924ರಲ್ಲಿ ಹಿಡಿದಿದ್ದ, 1929ರಲ್ಲಿ ಪ್ರಕಟಿಸಿದ. ಅದೇ ಇವತ್ತಿನ ಇಇಜಿ. ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ತಾವೇ ಮಾಡಿ ನೋಡಿ ಹೌದೆಂದ ಮೇಲೆ ಲೋಕ ನಂಬಿತು. ಆದರೆ ಕಣ್ಣಿಗೆ ಒಂದು ಚಿತ್ರ ತೋರಿಸಿದಾಗ ಮಿದುಳಿನ ಹಿಂಬದಿ ಕೊಡುವ ಉತ್ತರ ಒಂದು ವೋಲ್ಟಿನ ಲಕ್ಷದಲ್ಲೊಂದು ಭಾಗದಷ್ಟು. ಮಿದುಳಿನ ಉಳಿದ ಗಲಾಟೆಯಲ್ಲಿ ಅದು ಮುಳುಗಿಹೋಗುತ್ತದೆ. ದಾದರ್ ಸ್ಟೇಷನ್ನಿನ ಸಂಜೆಯ ನೂಕುನುಗ್ಗಲಲ್ಲಿ ಯಾರೋ ಪಿಸುಗುಟ್ಟಿದ ಹಾಗೆ.

ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಜಾರ್ಜ್ ಡಾಸನ್ ಇದಕ್ಕೆ ಮಾಡಿದ ಉಪಾಯ ರೇಡಿಯೋ ಕೇಳುವವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಗರಗರ ಸದ್ದಿನ ನಡುವೆ ಒಂದೇ ಪದವನ್ನು ನೂರು ಸಲ ಪ್ರಸಾರ ಮಾಡಿ, ಆ ನೂರನ್ನೂ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯಿರಿ. ಗರಗರ ಪ್ರತಿ ಸಲವೂ ಬೇರೆ, ಆದ್ದರಿಂದ ಅದು ಒಂದನ್ನೊಂದು ಅಳಿಸಿಕೊಂಡು ಹತ್ತನೇ ಒಂದಕ್ಕೆ ಇಳಿಯುತ್ತದೆ. ಪದ ಪ್ರತಿ ಸಲವೂ ಅದೇ, ಅದು ಉಳಿಯುತ್ತದೆ. ಡಾಸನ್ ಇದನ್ನು ಮಾಡುವ ಯಂತ್ರವನ್ನು 1951ರಲ್ಲಿ ತೋರಿಸಿದ. ಆಗ ಕಂಪ್ಯೂಟರ್ ಎಲ್ಲಿತ್ತು? ಚಕ್ರ, ಸಂಪರ್ಕ, ಸಂಗ್ರಾಹಕಗಳನ್ನಿಟ್ಟುಕೊಂಡು ಕಟ್ಟಿದ ಯಂತ್ರ ಅದು. ಸಾಹಸ ಎಂದರೆ ಇದು ಅನ್ನಿಸುತ್ತದೆ ನನಗೆ.

ಅದೇ ಆಸ್ಪತ್ರೆಯಲ್ಲಿ 1972ರಲ್ಲಿ ಮಾರ್ಟಿನ್ ಹ್ಯಾಲಿಡೇ ಮತ್ತು ಸಂಗಡಿಗರು ರೋಗಿಗಳಿಗೆ ಚದುರಂಗದ ಹಾಸಿನಂಥ ಚಿತ್ರ ತೋರಿಸಿ, ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುತ್ತಾ ಹೋದರು. ಆರೋಗ್ಯವಂತರ ಮಿದುಳು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಕೊಡುತ್ತದೆ. ದೃಷ್ಟಿನರಕ್ಕೆ ಉರಿಯೂತ ಬಂದು ಹೋದವರಲ್ಲಿ ಉತ್ತರ ತಡವಾಗಿ ಬಂತು, ನೋಟ ಸುಧಾರಿಸಿದ ಮೇಲೂ ತಡವಾಗಿಯೇ ಬಂತು. ‘ನನಗೆ ಚೆನ್ನಾಗಿ ಕಾಣುತ್ತದೆ ಡಾಕ್ಟರೇ’ ಎಂದು ಬಾಯಿ ಹೇಳುತ್ತಿದ್ದರೂ ಮಿದುಳು ಬೇರೆ ಸಾಕ್ಷಿ ನುಡಿಯಿತು. ವಿಇಪಿ ಎಂಬ ಈ ಪರೀಕ್ಷೆ ಇಂದಿಗೂ ನರರೋಗ ವಿಭಾಗಗಳಲ್ಲಿ ನಡೆಯುತ್ತದೆ.

ಗ್ಲಾಕೋಮಾಕ್ಕೂ ಇದನ್ನೇ ಮಾಡಬಹುದಲ್ಲ ಎಂದು ನಿಮಗೆ ತೋರಬಹುದು. ಮಾಡಿದರು. ಕಾಯಿಲೆ ಬಲಿತವರಲ್ಲಿ ವ್ಯತ್ಯಾಸ ಕಂಡಿತು, ಮೊದಲ ಹಂತದವರಲ್ಲಿ ಅಷ್ಟಾಗಿ ಕಾಣಲಿಲ್ಲ. ಚದುರಂಗದ ಚೌಕ ನೋಡುವುದು ಬಹುಮಟ್ಟಿಗೆ ನಡುದೃಷ್ಟಿಯ ಕೆಲಸ, ಗ್ಲಾಕೋಮಾ ಸಾಮಾನ್ಯವಾಗಿ ಕೊನೆಗೆ ಮುಟ್ಟುವುದು ಅದನ್ನೇ. ಹಾಗಾಗಿ ಮಿದುಳನ್ನು ಕೇಳುವುದಷ್ಟೇ ಸಾಲದು, ಯಾವ ಪ್ರಶ್ನೆ ಕೇಳುತ್ತೇವೆ ಎಂಬುದೂ ಮುಖ್ಯವೆಂದಾಯಿತು. ಆಗ ನೆನಪಾದದ್ದು ಚಲನೆ.

ಚಲನೆಯ ನೋಟ ಒಂದು ಪ್ರತ್ಯೇಕ ವಿದ್ಯೆ ಎಂಬ ಗುಮಾನಿ ಹಳೆಯದು. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಬದಿಗೆ ಗುಂಡು ತಗುಲಿ ನೋಟದ ಒಂದು ಭಾಗ ಕಳೆದುಕೊಂಡ ಸೈನಿಕರನ್ನು ಬ್ರಿಟಿಷ್ ವೈದ್ಯ ಜಾರ್ಜ್ ರಿಡಕ್ ಪರೀಕ್ಷಿಸಿದ. ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣದು, ಅದನ್ನು ಅಲುಗಿಸಿದರೆ ಮಾತ್ರ ‘ಏನೋ ಸರಿಯಿತು’ ಎನ್ನುತ್ತಿದ್ದರು. 1917ರಲ್ಲಿ ರಿಡಕ್ ಇದನ್ನು ಪ್ರಕಟಿಸಿದಾಗ ಗಾರ್ಡನ್ ಹೋಮ್ಸ್ ಎಂಬ ದೊಡ್ಡ ನರತಜ್ಞ ಒಪ್ಪಲಿಲ್ಲ. ಇದರ ತದ್ವಿರುದ್ಧದ ಪ್ರಕರಣ 1983ರಲ್ಲಿ ಮ್ಯೂನಿಕ್‌ನಿಂದ ಬಂತು. ಯೋಸೆಫ್ ತ್ಸೀಲ್ ಮತ್ತು ಸಂಗಡಿಗರು ವರ್ಣಿಸಿದ ಒಬ್ಬ ಮಹಿಳೆಗೆ ಬಣ್ಣ, ಆಕಾರ, ಅಕ್ಷರ ಎಲ್ಲವೂ ಕಾಣುತ್ತಿದ್ದವು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಸುರಿದರೆ ಹೆಪ್ಪುಗಟ್ಟಿದ ಮಂಜಿನಂತೆ ನಿಂತೇ ಇರುತ್ತಿತ್ತು, ಎಲ್ಲಿ ನಿಲ್ಲಿಸಬೇಕೋ ತಿಳಿಯುತ್ತಿರಲಿಲ್ಲ. ದೂರವಿದ್ದ ಕಾರು ಮರುಕ್ಷಣ ಮೈಮೇಲೆಯೇ ಬಂದಿರುತ್ತಿತ್ತು. ದೆಹಲಿಯ ರಿಂಗ್ ರೋಡನ್ನು ಹಾಗೆ ದಾಟುವುದನ್ನು ಊಹಿಸಿಕೊಳ್ಳಿ.

ಇದರ ಹಿಂದಿನ ಏರ್ಪಾಟು ಮುಂಬಯಿಯವರಿಗೆ ಬೇಗ ತಿಳಿಯುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ಸಂದೇಶಗಳಿಗೆ ಸ್ಲೋ ಲೋಕಲ್, ಫಾಸ್ಟ್ ಲೋಕಲ್ ಎಂದು ಎರಡು ಹಳಿಗಳಿವೆ ಎನ್ನಿ (ಇನ್ನೂ ಕೆಲವು ಇವೆ, ಈಗ ಬೇಡ). ಚಿಕ್ಕ ಕೋಶಗಳ ಹಳಿ ಸೂಕ್ಷ್ಮ ವಿವರ, ಬಣ್ಣಗಳನ್ನು ಒಯ್ಯುತ್ತದೆ. ಇದರಲ್ಲಿ ಪ್ರಯಾಣಿಕರು ಬಹಳ. ದೊಡ್ಡ ಕೋಶ, ದಪ್ಪ ತಂತುಗಳ ಹಳಿ ವೇಗದ್ದು. ಮಿನುಗು, ಚಲನೆ, ಮಸುಕಾದ ನೆರಳುಗಳ ಸುದ್ದಿಯನ್ನು ಒಯ್ಯುತ್ತದೆ. ಈ ಎರಡನೆಯ ಬಗೆಯ ಕೋಶಗಳು ಒಟ್ಟಿನಲ್ಲಿ ಹತ್ತನೇ ಒಂದರಷ್ಟೇ.

1987ರಲ್ಲಿ ಅದೇ ಕ್ವಿಗ್ಲಿ ತಂಡ ಇನ್ನೊಂದು ಸುದ್ದಿ ತಂದಿತು: ಗ್ಲಾಕೋಮಾದಲ್ಲಿ ದಪ್ಪ ತಂತುಗಳು ಹೆಚ್ಚಾಗಿ ಸಾಯುತ್ತವೆ. ಎರಡೂ ಎಳೆಗಳು ಗಂಟುಬಿದ್ದವು. ಕಾಯಿಲೆ ಮೊದಲು ಹೊಡೆಯುವುದು ಫಾಸ್ಟ್ ಲೋಕಲ್ಲಿಗೆ ಆದರೆ, ಚಲನೆ ತೋರಿಸಿ ಪರೀಕ್ಷಿಸಿದರೆ ಬೇಗ ಸಿಕ್ಕಿಬೀಳಬೇಕಲ್ಲ! 1990ರ ಸುಮಾರಿನ ಕಣ್ಣಿನ ವಿಜ್ಞಾನದಲ್ಲಿ ಈ ಆಸೆಗೆ ರೆಕ್ಕೆ ಬಂದ ಪರಿ ನೋಡುವಂಥದ್ದು.

ಚಲನೆಗೆ ಮಿದುಳು ಕೊಡುವ ವಿದ್ಯುತ್ ಉತ್ತರವನ್ನು ಮೆಕೇ ಮತ್ತು ರೀಟ್‌ವೆಲ್ಡ್ 1968ರಲ್ಲೇ ದಾಖಲಿಸಿದ್ದರು. ಅದನ್ನು ಆಸ್ಪತ್ರೆಯ ಕೆಲಸಕ್ಕೆ ಹದಗೊಳಿಸಲು ವರ್ಷಗಟ್ಟಲೆ ಪಟ್ಟುಹಿಡಿದು ಕೂತದ್ದು ಲಂಡನ್, ನ್ಯೂಯಾರ್ಕ್ ಅಲ್ಲ, ಚೆಕ್ ದೇಶದ ಹ್ರಾದೆಟ್ಸ್ ಕ್ರಾಲೊವೆ ಎಂಬ ಊರು. ಅಲ್ಲಿನ ವೈದ್ಯಕೀಯ ಕಾಲೇಜಿನ ಮಿರೋಸ್ಲಾವ್ ಕುಬಾ ಮತ್ತು ಜುಜಾನಾ ಕುಬೋವಾ ಎದುರಿಸಿದ ಮೊದಲ ತೊಡಕನ್ನು ಜೋಗಕ್ಕೆ ಹೋದ ಕನ್ನಡಿಗರೆಲ್ಲ ಅನುಭವಿಸಿರಬಹುದು. ಧುಮ್ಮಿಕ್ಕುವ ನೀರನ್ನೇ ಒಂದು ನಿಮಿಷ ದಿಟ್ಟಿಸಿ, ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದರೆ ಬಂಡೆ ಮೇಲಕ್ಕೆ ತೇಲಿದಂತೆ ಕಾಣುತ್ತದೆ. ರಾಬರ್ಟ್ ಆಡಮ್ಸ್ 1834ರಲ್ಲಿ ಸ್ಕಾಟ್ಲೆಂಡಿನ ಒಂದು ಜಲಪಾತದ ಬಳಿ ಇದನ್ನು ಕಂಡು ಬರೆದಿದ್ದ. ಚಲನೆಯನ್ನು ಗ್ರಹಿಸುವ ಕೋಶಗಳು ಒಂದೇ ದಿಕ್ಕಿನ ಓಟ ನೋಡಿ ನೋಡಿ ಬೇಸತ್ತು ಮಂಕಾಗುತ್ತವೆ. ಪರದೆಯ ಮೇಲೆ ಗೆರೆಗಳನ್ನು ಸುಮ್ಮನೆ ಓಡಿಸುತ್ತಾ ಹೋದರೆ ಉತ್ತರ ಕ್ಷೀಣಿಸುತ್ತದೆ. ಅದಕ್ಕೇ ಅವರು ಚಿತ್ರವನ್ನು ಅರೆಕ್ಷಣ ಓಡಿಸಿ, ಅದರ ಹಲವು ಪಟ್ಟು ಹೊತ್ತು ನಿಲ್ಲಿಸಿ, ಮತ್ತೆ ಓಡಿಸಿದರು. ಚಲನೆ ಶುರುವಾದ ಕ್ಷಣಕ್ಕೆ ಮಿದುಳು ಕೊಡುವ ಉತ್ತರ ಸೆಕೆಂಡಿನ ಆರನೇ ಒಂದು ಭಾಗದ ಆಸುಪಾಸಿನಲ್ಲಿ ಒಂದು ಇಳಿಜಾರಾಗಿ ಕಾಣಿಸಿತು.

ಚಿತ್ರ ಮಂದವಾಗಿದ್ದಷ್ಟೂ ಒಳ್ಳೆಯದು ಎಂಬುದು ಇನ್ನೊಂದು ಪಾಠ. ಗಾಢ ಕಪ್ಪು ಬಿಳುಪಿನ ಚಿತ್ರವಾದರೆ ಸ್ಲೋ ಲೋಕಲ್ಲಿನವರೂ ಕೂಗಲು ಶುರುಮಾಡುತ್ತಾರೆ. 1996ರಲ್ಲಿ ಅವರ ತಂಡ, ಚದುರಂಗದ ಚಿತ್ರದ ಜೊತೆಗೆ ಚಲನೆಯ ಪರೀಕ್ಷೆಯನ್ನೂ ಸೇರಿಸಿಕೊಂಡರೆ ಗ್ಲಾಕೋಮಾ ಪತ್ತೆ ಉತ್ತಮಗೊಳ್ಳುತ್ತದೆ ಎಂದು ಪ್ರಕಟಿಸಿತು. ಗುಂಡಿ ಒತ್ತುವುದಿಲ್ಲ, ಹೌದು ಅಲ್ಲ ಎನ್ನುವುದಿಲ್ಲ. ನೆತ್ತಿಯ ಹಿಂದೆ ಕೆಲವು ಬಿಲ್ಲೆ ಅಂಟಿಸಿಕೊಂಡು ಪರದೆ ನೋಡುತ್ತಾ ಕೂತರಾಯಿತು.

ಚಲನೆಯ ಈ ದಾರಿಯಲ್ಲಿ ಮಿದುಳಿನ ಅಲೆಯ ಗೊಡವೆಗೆ ಹೋಗದೆ, ರೋಗಿಯನ್ನೇ ಕೇಳಿದವರೂ ಇದ್ದರು. ಲಂಡನ್ನಿನಲ್ಲಿ ಫ್ರೆಡ್ ಫಿಟ್ಸ್‌ಕೆ ಮತ್ತು ಸಂಗಡಿಗರು 1980ರ ದಶಕದಲ್ಲಿ ಒಂದು ಗೆರೆ ಎಷ್ಟು ಸರಿದರೆ ಕಣ್ಣಿಗೆ ಗೊತ್ತಾಗುತ್ತದೆ ಎಂದು ಅಳೆದರು. 1990ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ತಂಡ, ಜೇನ್ನೊಣದ ಹಿಂಡಿನಂತೆ ಚೆಲ್ಲಾಪಿಲ್ಲಿಯಾಗಿ ಓಡುವ ಚುಕ್ಕೆಗಳಲ್ಲಿ ಎಷ್ಟು ಒಂದೇ ದಿಕ್ಕಿಗೆ ಹೋದರೆ ರೋಗಿಗೆ ದಿಕ್ಕು ತಿಳಿಯುತ್ತದೆ ಎಂದು ಪರೀಕ್ಷಿಸಿತು. ಗ್ಲಾಕೋಮಾ ಇದ್ದವರಿಗೆ ಹೆಚ್ಚು ಚುಕ್ಕೆಗಳು ಬೇಕಾದವು. 1992ರಲ್ಲಿ ಕ್ಯಾನ್‌ಬೆರಾದ ಟೆಡ್ ಮ್ಯಾಡೆಸ್ ಮತ್ತು ಹೆನ್ರಿ, ದಪ್ಪ ಪಟ್ಟೆಗಳನ್ನು ವೇಗವಾಗಿ ಮಿನುಗಿಸಿದಾಗ ಅವು ಇಮ್ಮಡಿಯಾಗಿ ಕಾಣುವ ಹಳೆಯ ಭ್ರಮೆಯೊಂದನ್ನು ಗ್ಲಾಕೋಮಾ ಪತ್ತೆಗೆ ತಿರುಗಿಸಿದರು. 1990ರ ದಶಕದ ಕೊನೆಗೆ ಅದು ಮೇಜಿನ ಮೇಲಿಡುವ ಯಂತ್ರವಾಗಿ ಮಾರುಕಟ್ಟೆಗೂ ಬಂತು. ಈ ಇಡೀ ವಂಶದಲ್ಲಿ ಆಸ್ಪತ್ರೆಗಳಲ್ಲಿ ನಿಜವಾಗಿ ನೆಲೆಯೂರಿದ ಕೂಸು ಇದೊಂದೇ ಎನ್ನಬೇಕು.

ಇನ್ನು ಸಂದೇಹಗಳು. ದಪ್ಪ ತಂತುಗಳು ಮೊದಲು ಸಾಯುತ್ತವೆ ಎಂಬ ಮಾತೇ ಪೂರ್ತಿ ನಿಲ್ಲಲಿಲ್ಲ. ಸಾಯುವ ಮೊದಲು ಕೋಶಗಳು ಕುಗ್ಗುತ್ತವೆ. ದೊಡ್ಡದು ಕುಗ್ಗಿ ಚಿಕ್ಕದರಂತೆ ಕಂಡರೆ ಎಣಿಸುವವರಿಗೆ ‘ದೊಡ್ಡವು ಕಾಣೆಯಾಗಿವೆ’ ಅನ್ನಿಸುತ್ತದೆ ಎಂದು ಕೆಲವರು ವಾದಿಸಿದರು. ಗುಡ್ಡ ಹಳ್ಳದ ಕಥೆ ನೆನಪಾಗುವುದಿಲ್ಲವೇ? 1994ರಲ್ಲಿ ಕ್ರಿಸ್ ಜಾನ್ಸನ್ ಇನ್ನೊಂದು ವಿವರಣೆ ಮುಂದಿಟ್ಟ. ಎಲ್ಲ ಬಗೆಯ ತಂತುಗಳೂ ಸಮನಾಗಿಯೇ ಸಾಯಲಿ. ನೂರು ಕಾವಲುಗಾರರಿರುವ ಕೋಟೆಯಲ್ಲಿ ಹತ್ತು ಮಂದಿ ಕಾಣೆಯಾದರೆ ಗೊತ್ತಾಗುವುದಿಲ್ಲ. ಹತ್ತೇ ಮಂದಿ ಇರುವ ಕೋಟೆಯಲ್ಲಿ ಒಬ್ಬ ಕಾಣೆಯಾದರೂ ಒಂದು ಗೋಡೆ ಬರಿದಾಗುತ್ತದೆ. ಚಲನೆಯ ಪರೀಕ್ಷೆ ಬೇಗ ಹಿಡಿಯುವುದು ಆ ಕೋಶಗಳು ಮೊದಲು ಸಾಯುವುದರಿಂದಲ್ಲ, ಅವು ಮೊದಲಿಗೇ ವಿರಳವಾಗಿರುವುದರಿಂದ. ನನಗೆ ಈ ವಿವರಣೆ ಹೆಚ್ಚು ಒಪ್ಪಿಗೆ. ಹೊಸ ಪರೀಕ್ಷೆಗಳು ಕೆಲವರಲ್ಲಿ ಕೆಲಸ ಮಾಡಿದ್ದೂ ಇದರಲ್ಲಿ ಅರ್ಥವಾಗುತ್ತದೆ, ಹಳೆಯ ಸಿದ್ಧಾಂತ ಸಡಿಲಗೊಂಡರೂ ಅವು ಪೂರ್ತಿ ಬಿದ್ದುಹೋಗದಿದ್ದದ್ದೂ ಅರ್ಥವಾಗುತ್ತದೆ.

ಮಿದುಳಿನ ಅಲೆಯ ಪರೀಕ್ಷೆಗೆ ಇನ್ನೊಂದು ಕಷ್ಟ. ಗ್ಲಾಕೋಮಾ ಒಂದು ಮೂಲೆಯಿಂದ ತಿನ್ನುತ್ತಾ ಬರುವ ಗೆದ್ದಲು. ಇಡೀ ಪರದೆ ಒಟ್ಟಿಗೆ ಚಲಿಸಿದರೆ ಆರೋಗ್ಯವಾಗಿರುವ ಭಾಗಗಳೆಲ್ಲ ‘ಹಾಜರ್’ ಎಂದು ಕೂಗುತ್ತವೆ, ಗೈರುಹಾಜರಿ ಅದರಲ್ಲಿ ಅಡಗಿಹೋಗುತ್ತದೆ. ಪ್ರತಿ ಮೂಲೆಗೂ ಬೇರೆ ಬೇರೆ ಹಾಜರಿ ತೆಗೆಯಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಎರಿಕ್ ಸಟರ್ 1990ರ ದಶಕದ ಆರಂಭದಲ್ಲಿ ಅದಕ್ಕೊಂದು ಗಣಿತದ ದಾರಿ ಮಾಡಿಕೊಟ್ಟ. ಹತ್ತಾರು ತುಣುಕುಗಳು ತಂತಮ್ಮ ಲೆಕ್ಕದಲ್ಲಿ ಬದಲಾಗುತ್ತಿದ್ದರೆ, ಬೆರೆತು ಬಂದ ಒಂದೇ ಅಲೆಯಿಂದ ಯಾವ ತುಣುಕಿನ ಉತ್ತರ ಯಾವುದೆಂದು ಬಿಡಿಸಿ ತೆಗೆಯಬಹುದು. ಇದನ್ನು ಬಳಸಿ ಸಿಡ್ನಿಯ ಕ್ಲಿಸ್ಟೋರ್ನರ್ ಮತ್ತು ಗ್ರಹಾಂ 1998ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಹುಡ್ ಅದರ ಹಿಂದೆಯೇ, ರೋಗಿ ಗುಂಡಿ ಒತ್ತದೆಯೇ ದೃಷ್ಟಿಕ್ಷೇತ್ರದ ನಕ್ಷೆ ಬರೆದರು. ಇಲ್ಲಿ ತೋರಿಸುತ್ತಿದ್ದದ್ದು ಚಲನೆಯಲ್ಲ, ಬದಲಾಗುವ ಚೌಕಗಳು. ಆದರೂ ಕನಸು ಅದೇ.

ಕನಸಿಗೆ ಅಡ್ಡ ಬಂದದ್ದು ಮಿದುಳಿನ ಮಡಿಕೆಗಳು. ನೋಟವನ್ನು ಗ್ರಹಿಸುವ ಭಾಗ ತಲೆಯ ಹಿಂಬದಿಯಲ್ಲಿ ಒಂದು ಆಳವಾದ ಸೀಳಿನೊಳಗೆ ಮಡಚಿಕೊಂಡಿದೆ, ಒಬ್ಬೊಬ್ಬರದು ಒಂದೊಂದು ರೀತಿ, ಸೀರೆಯ ನೆರಿಗೆಯಂತೆ. ನೆರಿಗೆ ಯಾವ ಕಡೆ ತಿರುಗಿದೆಯೋ ಅದರ ಮೇಲೆ ನೆತ್ತಿಗೆ ತಲುಪುವ ಅಲೆ ದೊಡ್ಡದೋ ಚಿಕ್ಕದೋ ಆಗುತ್ತದೆ. ಚಿಕ್ಕದಾದದ್ದೆಲ್ಲ ಕಾಯಿಲೆಯಲ್ಲ. ಎರಡು ಕಣ್ಣುಗಳ ಉತ್ತರವನ್ನು ಒಂದಕ್ಕೊಂದು ಹೋಲಿಸುವುದು ಹುಡ್ ಕಂಡುಕೊಂಡ ಜಾಣ ಪರಿಹಾರ, ಏಕೆಂದರೆ ಎರಡೂ ಕಣ್ಣಿನ ಸಂದೇಶ ಸೇರುವುದು ಅದೇ ಮಡಿಕೆಗೆ. ಆದರೆ ಎರಡು ಕಣ್ಣೂ ಸಮನಾಗಿ ಹಾಳಾಗಿದ್ದರೆ? ಜೊತೆಗೆ ಅಂಟಿನ ಬಿಲ್ಲೆ, ನುರಿತ ತಂತ್ರಜ್ಞ, ಕೂರುವ ರೋಗಿಗೆ ತಾಳ್ಮೆ. ದಿನಕ್ಕೆ ನೂರಾರು ಮಂದಿ ಸಾಲು ನಿಲ್ಲುವ ನಮ್ಮ ಆಸ್ಪತ್ರೆಗಳಿಗೆ ಇದು ಒಗ್ಗುವ ಅಡುಗೆಯಲ್ಲ.

ಅಷ್ಟರಲ್ಲಿ ಇನ್ನೊಬ್ಬ ಬಂದು ಕುರ್ಚಿ ಹಿಡಿದಿದ್ದ. 1991ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ಓಸಿಟಿ ಎಂಬ ತಂತ್ರ ರೆಟಿನಾದ ಪದರಗಳ ದಪ್ಪವನ್ನು ಬೆಳಕಿನಿಂದಲೇ ಅಳೆಯುತ್ತದೆ. ಕೆಲವೇ ಕ್ಷಣದ ಕೆಲಸ, ರೋಗಿ ಏನೂ ಹೇಳಬೇಕಾಗಿಲ್ಲ. ಇಂದು ದೊಡ್ಡ ಊರುಗಳ ಕಣ್ಣಾಸ್ಪತ್ರೆಗಳಲ್ಲಿ ಗ್ಲಾಕೋಮಾ ಅನುಮಾನ ಬಂದರೆ ಬಟ್ಟಲಿನ ಪರೀಕ್ಷೆಯ ಜೊತೆಗೆ ಇದನ್ನೂ ಮಾಡುತ್ತಾರೆ. ಆದರೆ ಓಸಿಟಿ ಎಣಿಸುವುದು ತಂತಿಗಳನ್ನು, ತಂತಿಯಲ್ಲಿ ಕರೆಂಟು ಹರಿಯುತ್ತಿದೆಯೇ ಎಂದು ಅದಕ್ಕೆ ಗೊತ್ತಿಲ್ಲ. ಆ ಪ್ರಶ್ನೆಗೆ ಈಗಲೂ ಮಿದುಳೇ ಉತ್ತರ ಕೊಡಬೇಕು.

ಬೇಗ ಹಿಡಿದರೆ ಲಾಭ ಉಂಟೇ ಎಂಬುದಕ್ಕೆ ಲೆಕ್ಕವಿದೆ. ಕಣ್ಣಿನ ಒತ್ತಡ ಹೆಚ್ಚಿದ್ದು ಇನ್ನೂ ಹಾನಿಯಾಗದಿದ್ದ 1,636 ಮಂದಿಯನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2002ರಲ್ಲಿ ಹೊರಬಂತು. ಐದು ವರ್ಷದಲ್ಲಿ, ಒತ್ತಡ ಇಳಿಸುವ ಹನಿ ಹಾಕಿಕೊಂಡವರಲ್ಲಿ ಶೇ. 4.4 ಮಂದಿಗೆ, ಹಾಕಿಕೊಳ್ಳದವರಲ್ಲಿ ಶೇ. 9.5 ಮಂದಿಗೆ ಗ್ಲಾಕೋಮಾ ಬಂತು. ಒತ್ತಡ ಸಾಮಾನ್ಯವಾಗಿದ್ದೂ ಗ್ಲಾಕೋಮಾ ಬರುವವರಿದ್ದಾರೆ. ಹಾಗಾಗಿ ಒತ್ತಡ ಒಂದನ್ನೇ ಅಳೆದು ‘ಏನಿಲ್ಲ, ಹೋಗಿ’ ಎನ್ನಿಸಿಕೊಂಡು ಬಂದರೆ ಕೆಲಸ ಮುಗಿಯಲಿಲ್ಲ. ಪಾಪೆ ಹಿಗ್ಗಿಸಿ ಆ ಹಳ್ಳವನ್ನೂ ನೋಡಬೇಕು. ಮನೆಯಲ್ಲಿ ಯಾರಿಗಾದರೂ ಇದ್ದರೆ ಅಣ್ಣ, ತಂಗಿ, ಮಕ್ಕಳೂ ತೋರಿಸಿಕೊಳ್ಳಬೇಕು.

ಮಿದುಳನ್ನು ಕೇಳುವ ಆಸೆ ಸತ್ತಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಫೆಲಿಪೆ ಮೆಡೆರೋಸ್ ಮತ್ತು ಸಂಗಡಿಗರು ತಲೆಗೆ ಧರಿಸುವ ಕನ್ನಡಕವೊಂದನ್ನು ವರದಿ ಮಾಡಿದರು. ಅದರೊಳಗೆ ನೋಟದ ಒಂದೊಂದು ಭಾಗ ಒಂದೊಂದು ಲಯದಲ್ಲಿ ಮಿನುಗುತ್ತದೆ, ಹಿಂಬದಿಯ ಒಣ ಬಿಲ್ಲೆಗಳು ಮಿದುಳಿನಲ್ಲಿ ಆಯಾ ಲಯವನ್ನು ಹುಡುಕುತ್ತವೆ. ಅಂಟಿಲ್ಲ, ಕತ್ತಲೆ ಕೋಣೆಯಿಲ್ಲ. ಪರೀಕ್ಷಿಸಿದ್ದು ಕೆಲವೇ ಹತ್ತಾರು ಮಂದಿಯನ್ನು, ಆದರೂ ಗ್ಲಾಕೋಮಾ ಇದ್ದ ಕಣ್ಣನ್ನು ಇಲ್ಲದ್ದರಿಂದ ಬೇರ್ಪಡಿಸುವುದರಲ್ಲಿ ಅದು ಬಟ್ಟಲಿನ ಪರೀಕ್ಷೆಗೆ ಹೆಗಲೆಣೆಯಾಗಿ ನಿಂತಿತು.

ಅಂಥದ್ದು ನಮ್ಮ ಬೀದಿಯ ಆಸ್ಪತ್ರೆಗೆ ಬರುವವರೆಗೆ ಗುಂಡಿ ನಿಮ್ಮ ಕೈಯಲ್ಲೇ ಇರುತ್ತದೆ. ಆ ಯಂತ್ರದ ಒಂದು ಗುಟ್ಟು ಹೇಳಿಬಿಡುತ್ತೇನೆ. ನಿಮಗೆ ಎಲ್ಲಿಯವರೆಗೆ ಕಾಣುತ್ತದೆಂದು ಹುಡುಕುವುದಕ್ಕಾಗಿ ಅದು ಬೆಳಕನ್ನು ಮಂಕು ಮಾಡುತ್ತಲೇ ಹೋಗುತ್ತದೆ. ಹೀಗಾಗಿ ಆರೋಗ್ಯವಾದ ಕಣ್ಣಿಗೂ ಸುಮಾರು ಅರ್ಧದಷ್ಟು ಮಿನುಗು ಕಾಣುವುದೇ ಇಲ್ಲ. ಕಾಣದಿದ್ದರೆ ಗಾಬರಿಯಾಗಿ ಒತ್ತಬೇಡಿ, ಕಂಡಾಗ ಮಾತ್ರ ಒತ್ತಿ. ನಿದ್ದೆ ಬಂದರೆ ಗುಂಡಿಯನ್ನು ಒತ್ತಿಯೇ ಹಿಡಿದುಕೊಳ್ಳಿ. ಹಂಫ್ರಿ ಯಂತ್ರ ಅಲ್ಲಿಯವರೆಗೆ ಕಾಯುತ್ತದೆ.